ಉತ್ತರಪದ

ಮೂವತ್ತು ವರ್ಷ ಸಮಾಸಪ್ರಕರಣವನ್ನು ಬೋಧಿಸಿದವನು ಒಂದು ಸಮಾಸದಿಂದಲೇ ಮೋಸಹೋದನೆಂದರೆ ವಾಚಕರು ನಕ್ಕಾರು. ಕಳೆದ ಕಾರ್ತಿಕಮಾಸದಲ್ಲಿ, ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಕೊಡುವ ಕಾಲದಲ್ಲಿಯೇ, ನನಗೊಂದು ಇ-ಮೇಲ್ ಬಂದಿತು: ಇಂದೇ ಪತ್ರ ಸಲ್ಲಿಸದಿದ್ದರೆ ಪಿಂಚಣಿ ನಿಲ್ಲುವುದಂತೆ. ಬ್ಯಾಂಕಿನ ಹೆಸರು, ಲಾಂಛನ ಎಲ್ಲವೂ ಇದ್ದುವು. ಎರಡು ಕಾಗುಣಿತದ ತಪ್ಪುಗಳೂ ಇದ್ದುವು. ಈಗಿನ ಗುಮಾಸ್ತರ ವಿದ್ಯೆ ಇಷ್ಟೇ ಎಂದುಕೊಂಡು, ಅಲ್ಲಿದ್ದ ಕೊಂಡಿಯನ್ನೊತ್ತಿ, ಕೇಳಿದ ಖಾತೆಯ ಸಂಖ್ಯೆಯನ್ನೂ ಓ.ಟಿ.ಪಿ.ಯನ್ನೂ ಬರೆದೆನು. 18,000 ರೂಪಾಯಿಗಳು ಹೋದುವು.

ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲ. ಕೆಟ್ಟುದು ಅಲ್ಲಿಯೇ. ಒಡನೆಯೇ 1930ಕ್ಕೆ ದೂರವಾಣಿ ಮಾಡಿದ್ದರೆ ಹಣವನ್ನು ನಡುದಾರಿಯಲ್ಲಿ ತಡೆಯುವ ಸಂಭವವಾದರೂ ಇದ್ದಿತು. ನಾನು ದೂರುವ ಹೊತ್ತಿಗೆ ಅದು ಹಲವು ಕೈ ದಾಟಿದ್ದಿತು.

ಮೊಮ್ಮಗಳು ಆ ಇ-ಮೇಲನ್ನು ನೋಡಿ, "ತಾತ, ವಿಳಾಸವನ್ನು ಕೊನೆಯಿಂದ ಓದಬೇಕು" ಎಂದಳು. ಬ್ಯಾಂಕಿನ ಹೆಸರು ಮೊದಲಿಗಿದ್ದಿತು, ನಿಜ. ಆದರೆ 'ಡಾಟ್ ಕಾಮ್' ಎಂಬುದಕ್ಕೆ ತಗುಲಿದ್ದ ಹೆಸರು ಮತ್ತಾರದೋ. ಒಡೆತನ ಅವನದು. 'ಡಾಟ್ ಕಾಮ್' ಎಂಬುದನ್ನು ಪ್ರತ್ಯಯವೆಂದು ಬಿಟ್ಟರೆ ಇದು ತತ್ಪುರುಷವೇ ಸರಿ, ಉತ್ತರಪದವೇ ಪ್ರಧಾನ. 'ರಾಜಪುರುಷ'ನು ರಾಜನಲ್ಲವೆಂದು ಎಷ್ಟು ಹುಡುಗರ ಕಿವಿ ಹಿಂಡಿ ಹೇಳಿದ್ದೆನೋ! 2025ರಲ್ಲಿ ರಿಸರ್ವ್ ಬ್ಯಾಂಕು ನಮ್ಮ ಬ್ಯಾಂಕುಗಳ ಜಾಲತಾಣಗಳಿಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂಬ ಅಂತ್ಯವನ್ನು ವಿಧಿಸಿತು. ಅನ್ಯರಿಗೆ ಅದು ದೊರೆಯದು. ನನಗೆ ಬಂದ ಕೊಂಡಿಯಲ್ಲಿ ಅದಿರಲಿಲ್ಲ.

ಮನೆಯಾಕೆ ಹಣದ ಮಾತೆತ್ತಲಿಲ್ಲ. "ಕಾಗುಣಿತ ತಪ್ಪಿದ ಲಗ್ನಪತ್ರಿಕೆಯನ್ನೆಲ್ಲ ಬೀದಿಗೇ ಕೇಳುವಂತೆ ಓದುವಿರಿ, ಇದೊಂದನ್ನು ನನಗೆ ಓದಿಹೇಳಬಾರದಾಗಿತ್ತೆ?" ಎಂದಳು.