ಅಣ್ಣನ ಲೋಟ

ನಮ್ಮ ಮನೆಗಳಲ್ಲಿ ದೊಡ್ಡ ಕಾಯಿಲೆ ಬಂದರೆ ಮೊದಲು ಬೇರೆಯಾಗುವುದು ಲೋಟ. ಅಣ್ಣನ ಕುತ್ತಿಗೆಯಲ್ಲಿ ಗಂಟು ಕಂಡಾಗ ಟಾನ್ಸಿಲ್‌ನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟಿನಲ್ಲಿ ಕ್ಯಾನ್ಸರ್ ಎಂಬುದರ ಕೆಳಗೆ ‘ಪಿ16 ಪಾಸಿಟಿವ್’ ಎಂದಿತ್ತು. ಎಲೆಯಡಿಕೆ, ಬೀಡಿ ಯಾವುದನ್ನೂ ಮುಟ್ಟದ ಅಣ್ಣನಿಗೆ ಇದೇನು ಗ್ರಹಚಾರ? ಪಾಸಿಟಿವ್ ಎಂದರೆ ಕೆಟ್ಟದ್ದೇ ಎಂದುಕೊಂಡು ನಾನೂ ಅತ್ತಿಗೆಯೂ ಅತ್ತೆವು.

“ಆ ಒಂದು ಸಾಲಿಗೆ ಅಳಬೇಡಿ” ಎಂದರು ಡಾಕ್ಟರಮ್ಮ. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸೇ ಕೆಲವರ ಗಂಟಲಿನಲ್ಲೂ ಕೂರುತ್ತದಂತೆ. ಜೀವಕೋಶ ಅತಿಯಾಗಿ ಬೆಳೆಯದಂತೆ ತಡೆಯುವ ಬ್ರೇಕಿನ ತಂತಿಯನ್ನೇ ಅದು ಕಡಿದುಬಿಡುತ್ತದೆ. ಕೋಶ ಮಾತ್ರ ಬ್ರೇಕನ್ನು ಒತ್ತುತ್ತಲೇ ಇರುತ್ತದೆ. ಹಾಗೆ ಒತ್ತುವ ಪ್ರೋಟೀನೇ ಪಿ16. 100 ಕ್ಯಾನ್ಸರ್ ಕೋಶಗಳಲ್ಲಿ 70ರಲ್ಲಾದರೂ ಅದು ಗಾಢವಾಗಿ ತುಂಬಿದ್ದರೆ ಪಾಸಿಟಿವ್. ತಂಬಾಕಿನಿಂದ ಬಂದ ಕ್ಯಾನ್ಸರಿಗಿಂತ ಇದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. 2010ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಮೂರು ವರ್ಷದ ನಂತರ ವೈರಸ್ ಇದ್ದವರಲ್ಲಿ ಶೇ. 82, ಇಲ್ಲದವರಲ್ಲಿ ಶೇ. 57 ಮಂದಿ ಬದುಕಿದ್ದರು. 2017ರಿಂದ ಇದರ ಹಂತಗಳನ್ನೇ ಬೇರೆಯಾಗಿ ಎಣಿಸುತ್ತಾರೆ. “ಆದರೆ ರೇಡಿಯೇಷನ್, ಕೀಮೋ ತಪ್ಪುವುದಿಲ್ಲ” ಎಂದೂ ಹೇಳಿದರು.

ನನಗೆ ಉಸಿರು ಬಂತು. ಅತ್ತಿಗೆಗೆ ಬರಲಿಲ್ಲ. ರಾತ್ರಿ ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದಳು: “ಅದು ಹೆಂಗಸರಿಗೆ ಬರುವ ವೈರಸ್ಸಲ್ಲವೇನೇ? ಯಾರಿಂದ ಬಂತು ಅಂತ ಬರೆದಿದೆಯಾ ಅದರಲ್ಲಿ?”

ಮೂವತ್ತು ವರ್ಷದ ಸಂಸಾರ ಆ ಒಂದು ಪ್ರಶ್ನೆಯಲ್ಲಿ ನಡುಗಿತು. ಮರುದಿನ ನಾನೊಬ್ಬಳೇ ಹೋಗಿ ಡಾಕ್ಟರಮ್ಮನನ್ನು ಕೇಳಿದೆ. ಅವರು ಮುಖ ತಿರುಗಿಸಲಿಲ್ಲ. “ಇದು ದೇಹಸಂಬಂಧದಿಂದ ಹರಡುವುದು ನಿಜ. ಆದರೆ ಜೀವನದಲ್ಲಿ ಒಮ್ಮೆ ಬಹುಪಾಲು ಜನರಿಗೆ ಸೋಕಿ, ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಉಳಿದು ಎಷ್ಟೋ ವರ್ಷಗಳ ನಂತರ ತಲೆಯೆತ್ತುತ್ತದೆ. ಯಾವಾಗ, ಯಾರಿಂದ ಎಂದು ಯಾವ ರಿಪೋರ್ಟೂ ಹೇಳಲಾರದು. ಲೋಟ ತಟ್ಟೆಯಿಂದ ಬರುವುದಿಲ್ಲ. ನಿಮ್ಮ ಅತ್ತಿಗೆ ಗರ್ಭಕೊರಳಿನ ಪರೀಕ್ಷೆ ಮಾಡಿಸಲಿ. ಅದು ಅನುಮಾನಕ್ಕಲ್ಲ, ಎಲ್ಲ ಹೆಂಗಸರೂ ಮಾಡಿಸಬೇಕಾದದ್ದು. ಮನೆಯ ಹೆಣ್ಣುಮಕ್ಕಳಿಗೆ ಲಸಿಕೆ ಹಾಕಿಸಿ.”

ಎಲ್ಲವನ್ನೂ ಅತ್ತಿಗೆಗೆ ಒಪ್ಪಿಸಿದೆ. ಅವಳು ಏನೂ ಅನ್ನಲಿಲ್ಲ. ಅಣ್ಣನಿಗೆ ಗಂಜಿ ಆರಿಸಿ ಕೊಟ್ಟು ಬಂದಳು. ಕಿಟಕಿಯ ಮೇಲೆ ಬೇರೆಯಾಗಿಟ್ಟಿದ್ದ ಅವನ ಲೋಟವನ್ನು ತೊಳೆದು ಎಲ್ಲರ ಲೋಟಗಳ ಸಾಲಿನಲ್ಲಿ ಬೋರಲು ಹಾಕಿದಳು.

ಅವಳ ಪ್ರಶ್ನೆ ಮನಸ್ಸಿನಿಂದ ಪೂರ್ತಿ ಹೋಯಿತೇ? ನಾನು ಕೇಳಿಲ್ಲ. ಮುಂದಿನ ವಾರ ಸೊಸೆಯ ಮಗಳಿಗೆ ಲಸಿಕೆ ಹಾಕಿಸಲು ಕರೆದುಕೊಂಡು ಹೋದವಳು ಮಾತ್ರ ಅವಳೇ.