ಎತ್ತಿನ ಬೆನ್ನೇರಿ ಬದುಕಿದ ಮಕ್ಕಳು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ‘ಡೆತ್ ವ್ಯಾಲಿ’, ಅಂದರೆ ಸಾವಿನ ಕಣಿವೆಯ ಅತಿ ತಗ್ಗಿನ ಭಾಗ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಪೆಸಿಫಿಕ್ ಸಾಗರದ ತೇವಗಾಳಿಯನ್ನು ಪಶ್ಚಿಮದ ಪರ್ವತಸಾಲುಗಳು ತಡೆದು ಮಳೆಯನ್ನೆಲ್ಲ ತಾವೇ ಕಸಿದುಕೊಳ್ಳುತ್ತವೆ. ಮಕ್ಕಳು ಭೂಗೋಳದಲ್ಲಿ ಓದುವ ‘ಮಳೆ ನೆರಳಿನ ಪ್ರದೇಶ’ಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇಳಿದು ಬಂದ ಅಷ್ಟಿಷ್ಟು ನೀರು ಹೊರಹೋಗಲು ದಾರಿಯಿಲ್ಲದೆ ಆವಿಯಾಗಿ, ಉಪ್ಪು ಉಳಿಯುತ್ತದೆ.

1849ರ ಡಿಸೆಂಬರಿನಲ್ಲಿ ಚಿನ್ನದ ಆಸೆಗೆ ಹೊರಟ ಕೆಲವು ಎತ್ತಿನ ಬಂಡಿಗಳು ಹತ್ತಿರದ ದಾರಿಯೆಂದು ನಂಬಿ ಇಲ್ಲಿಗಿಳಿದವು. ಚಳಿಗಾಲವಾದ್ದರಿಂದ ಬಿಸಿಲಿನ ಭಯವಿರಲಿಲ್ಲ. ಕಾಡಿದ್ದು ಹಸಿವು, ಬಾಯಾರಿಕೆ. ‘ಜೇಹಾಕರ್ಸ್’ ಎಂಬ ಯುವಕರ ತಂಡ ಬಂಡಿಗಳನ್ನೇ ಸುಟ್ಟು, ಆ ಬೆಂಕಿಯಲ್ಲಿ ಎತ್ತಿನ ಮಾಂಸ ಒಣಗಿಸಿಕೊಂಡು ಕಾಲ್ನಡಿಗೆಯಲ್ಲಿ ಹೊರಟಿತು. ಬೆನೆಟ್ ಮತ್ತು ಆರ್ಕನ್ ಕುಟುಂಬಗಳಿಗೆ ಅದು ಆಗದ ಮಾತು. ಅವರೊಂದಿಗೆ ನಾಲ್ಕು ಚಿಕ್ಕ ಮಕ್ಕಳಿದ್ದರು.

ಆಹಾರ ತರಲು ಹೊರಟವರು ವಿಲಿಯಂ ಮ್ಯಾನ್ಲಿ, ಜಾನ್ ರೋಜರ್ಸ್ ಎಂಬ ಇಬ್ಬರು ತರುಣರು. ಪರ್ವತ ದಾಟಿ ಜನವಸತಿ ಮುಟ್ಟಿದ ಮೇಲೆ ಅವರು ಅಲ್ಲೇ ಉಳಿದುಬಿಡಬಹುದಿತ್ತು. ಉಳಿಯಲಿಲ್ಲ. ದವಸ ಹೊರಿಸಿದ ಹೇಸರಗತ್ತೆಯೊಂದಿಗೆ ಸುಮಾರು 26 ದಿನಗಳ ನಂತರ ಮರಳಿದಾಗ ದಾರಿಯಲ್ಲಿ ಮೊದಲು ಕಂಡದ್ದು ಸಂಗಡಿಗನೊಬ್ಬನ ಶವ. ಬಂಡಿಗಳ ಬಳಿ ಯಾರ ಸುಳಿವೂ ಇಲ್ಲ. ಮ್ಯಾನ್ಲಿ ಒಂದು ಗುಂಡು ಹಾರಿಸಿದ. ಬಂಡಿಯಡಿಯಿಂದ ಒಬ್ಬ ಮನುಷ್ಯ ಎದ್ದುಬಂದ!

ಮುಂದೆ ಎರಡು ಅಂಗಿಗಳನ್ನು ಸೇರಿಸಿ ಹೊಲಿದು ಜೋಳಿಗೆ ಮಾಡಿದರು. ಅದನ್ನು ‘ಓಲ್ಡ್ ಕ್ರಂಪ್’ ಎಂಬ ಸಾಧು ಎತ್ತಿನ ಮೇಲೆ ಹಾಕಿ, ಎರಡು ಪಕ್ಕಗಳಲ್ಲಿ ಕಿರಿಯ ಮಕ್ಕಳಿಬ್ಬರನ್ನು ಕೂರಿಸಿದರು. ದೊಡ್ಡವರಿಬ್ಬರು ಬೆನ್ನ ಮೇಲೆ. ಹೀಗೆ ನಾಲ್ವರೂ ಬದುಕಿದರು.

ಜೇಹಾಕರ್ಸ್ ತಂಡ ಪಾರಾದದ್ದು 1850ರ ಫೆಬ್ರವರಿ 4ರಂದು. 1872ರಿಂದ ಉಳಿದವರು ಅದೇ ದಿನ ಕೂಡಿ ಊಟಮಾಡುವ ಪದ್ಧತಿ ಇಟ್ಟುಕೊಂಡರು. 1949ರ ಶತಮಾನೋತ್ಸವಕ್ಕೆ ಕಣಿವೆಯಲ್ಲಿ ಹತ್ತಾರು ಸಾವಿರ ಜನ ನೆರೆದರು. ಅನಂತರ ದಶಕಗಳ ಕಾಲ ನವೆಂಬರಿನಲ್ಲಿ ಅಲ್ಲಿ ಬಿಡಾರ ಹೂಡುವ ವಾಡಿಕೆ ನಡೆದುಬಂತು. ವಂಶಸ್ಥರು ಅಲ್ಲಿಗೆ ಬಂದು ಪೂರ್ವಿಕರನ್ನು ನೆನೆಯುತ್ತಿದ್ದರು. ಆದರೆ ಟಿಂಬಿಷಾ ಶೋಶೋನಿ ಜನರಿಗೆ ಇದು ಎಂದೂ ಸಾವಿನ ಕಣಿವೆಯಲ್ಲ, ತಲೆತಲಾಂತರದ ಮನೆ. ಆ ಹೆಸರು ಅವರಿಗೆ ಹಿಡಿಸದಿದ್ದರೆ ತಪ್ಪೇನು?

ಹಿಮಯುಗದಲ್ಲಿ ಈ ಕಣಿವೆಯನ್ನು ತುಂಬಿದ್ದ ಸರೋವರಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ‘ಲೇಕ್ ಮ್ಯಾನ್ಲಿ’. 2023ರ ಆಗಸ್ಟಿನ ಚಂಡಮಾರುತದ ಮಳೆಗೆ ಆ ಬಯಲಿನಲ್ಲಿ ಮತ್ತೆ ತಿಂಗಳುಗಟ್ಟಲೆ ನೀರು ನಿಂತಿತ್ತು. 2024ರ ಫೆಬ್ರವರಿಯಲ್ಲಿ ಪ್ರವಾಸಿಗರು ಅದರ ಮೇಲೆ ಸಣ್ಣ ದೋಣಿ ನಡೆಸಿದರು.