ಮಲಪ್ರಭೆಯಲ್ಲಿ ಹರಿಗೋಲಿನ ಒಂದು ಬೆಳಗು

ಮುಗುಟಖಾನ ಹುಬ್ಬಳ್ಳಿಯೆಂದರೆ ಹೆಚ್ಚಿನ ಪ್ರವಾಸಿಗಳಿಗೆ ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಕ್ಕುವ ಒಂದು ಸೇತುವೆ ಮಾತ್ರ. ಗಾಡಿಯ ಕಿಟಕಿಯಿಂದ ಹೊಳೆಯ ಕಡೆಗೆ ಒಮ್ಮೆ ಕೈಮುಗಿದು ಅವರು ಮುಂದೆ ಸಾಗುವರು. ದೊಡ್ಡ ಹುಬ್ಬಳ್ಳಿಯ ಹೆಸರಿನ ನೆರಳಿನಲ್ಲಿರುವ ಈ ಊರನ್ನು ಜನರು ಎಂ.ಕೆ. ಹುಬ್ಬಳ್ಳಿಯೆಂದು ಚಿಕ್ಕದು ಮಾಡಿ ಕರೆಯುವದೇ ರೂಢಿ. ಮೊದಲು ಬೈಲಹೊಂಗಲ ತಾಲೂಕಿನಲ್ಲಿದ್ದ ಊರು ಈಗ ಕಿತ್ತೂರ ತಾಲೂಕಿಗೆ ಸೇರಿದೆ. ಬಸವಣ್ಣನವರ ಪತ್ನಿ ಗಂಗಾಂಬಿಕೆಯು ಕಲ್ಯಾಣದ ಗಲಭೆಯ ತರುವಾಯ ಇಲ್ಲಿಯೇ ಲಿಂಗೈಕ್ಯಳಾದಳೆಂದು ನಂಬುಗೆಯುಂಟು. ಹೊಳೆಯಲ್ಲಿರುವ ಆಕೆಯ ಐಕ್ಯಸ್ಥಳಕ್ಕೆ ದೂರದೂರದ ಭಕ್ತರು ಬರುತ್ತಾರೆ. ದಂಡೆಯ ನರಸಿಂಹದೇವರ ಗುಡಿಗೂ ನಡೆದುಕೊಳ್ಳುವವರು ಬಹಳ.

ಈ ಎಲ್ಲಕ್ಕೂ ತಾಯಿ ಮಲಪ್ರಭೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ನಮ್ಮೂರನ್ನು ಮುಟ್ಟಿ, ಕಾದರೊಳ್ಳಿಯ ಶಂಕರಲಿಂಗನ ಪಾದ ತೊಳೆದು, ಸವದತ್ತಿಯ ಹತ್ತಿರದ ನವಿಲುತೀರ್ಥದಲ್ಲಿ ಆಣೆಕಟ್ಟಿಗೆ ಸಿಕ್ಕಿ, ಅಲ್ಲಿಂದ ರಾಮದುರ್ಗದ ಸೀಮೆಯನ್ನು ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವಳು. ಒಟ್ಟು ಹರಿವು ಸುಮಾರು 304 ಕಿಲೋಮೀಟರು. ಮಲಾಪಹಾರಿ, ಎಂದರೆ ಕೊಳೆಯನ್ನು ಕಳೆಯುವವಳು, ಎಂಬ ಹೆಸರೂ ಆಕೆಗುಂಟು. ಈ ಹೆಸರಿನ ವ್ಯುತ್ಪತ್ತಿಯನ್ನು ನಾವು ಮೂವತ್ತು ವರ್ಷಗಳ ಕಾಲ ಶಾಲೆಯಲ್ಲಿ ಹೇಳಿದ್ದುಂಟು. ಆದರೆ ಹೊಳೆಯ ನಡುವಿಗೆ ಹೋಗಿ ಕುಳಿತದ್ದು ಮಾತ್ರ ನೌಕರಿಯಿಂದ ನಿವೃತ್ತರಾದ ಮೇಲೆಯೇ.

ಹೋದ ಕಾರ್ತಿಕಮಾಸದಲ್ಲಿ ನಮ್ಮ ಬಾಲ್ಯಸ್ನೇಹಿತರೊಬ್ಬರು ಊರಿಗೆ ಬಂದರು. ಮುಂಬಯಿಯಲ್ಲಿ ಬಹುಕಾಲ ಲೆಕ್ಕಪತ್ರದ ಕೆಲಸ ಮಾಡಿ ವಿಶ್ರಾಂತರಾದವರು. ಹಿಂದಿನ ವರ್ಷ ಅವರು ಅಮೇರಿಕದಲ್ಲಿರುವ ಮಗನ ಮನೆಗೆ ಹೋಗಿದ್ದರು. ಅಲ್ಲಿಯ ಸರೋವರದಲ್ಲಿ ಮಗನೂ ಒಂಬತ್ತು ವರ್ಷದ ಮೊಮ್ಮಗನೂ ಕಯಾಕೆಂಬ ಉದ್ದನೆಯ ಸಣ್ಣ ದೋಣಿಯಲ್ಲಿ ಕುಳಿತು ಮೀನಿಗೆ ಗಾಳ ಹಾಕುವರಂತೆ. ಅಜ್ಜನನ್ನೂ ಕರೆದರು. ಅಜ್ಜನು ಒಂದು ಕಾಲಿಟ್ಟೊಡನೆ ದೋಣಿ ಹೊಯ್ದಾಡಿತು. ಕಾಲು ಹಿಂದೆಗೆದವರು ಅಲ್ಲಿದ್ದಷ್ಟು ದಿನವೂ ದಂಡೆ ಬಿಡಲಿಲ್ಲ. ಮೊಮ್ಮಗನು ನಗಲಿಲ್ಲವಂತೆ. “ಅಜ್ಜಾ, ನಿಮ್ಮ ಊರಾಗ ಹೊಳಿ ಐತಿ ಅಂತಿದ್ದಿ. ಸಣ್ಣಾವ ಇದ್ದಾಗ ಆ ಹೊಳ್ಯಾಗ ಏನ ಮಾಡ್ತಿದ್ದಿ?” ಎಂದು ಮಾತ್ರ ಕೇಳಿದನಂತೆ.

“ನಕ್ಕಿದ್ದರೆ ಮರೆಯುತ್ತಿದ್ದೆ,” ಎಂದರು ಸ್ನೇಹಿತರು. “ಆ ಪ್ರಶ್ನೆಗೆ ಉತ್ತರವೇ ಇರಲಿಲ್ಲ, ಮಾಸ್ತರರೇ. ಏನೂ ಮಾಡಲಿಲ್ಲ. ಅಂಜಿ ದೂರ ನಿಂತಿದ್ದೆ.”

ಅವರ ಅಂಜಿಕೆಯ ಕಾರಣವು ನಮಗೆ ಗೊತ್ತು. ನಾವಿಬ್ಬರೂ ಎರಡನೆಯ ಇಯತ್ತೆಯಲ್ಲಿದ್ದಾಗ ಅವರ ಓಣಿಯ ಹುಡುಗನೊಬ್ಬನು ಶ್ರಾವಣದ ಹೊಳೆಯಲ್ಲಿ ತೇಲಿಹೋದನು. ಅಂದಿನಿಂದ ಅವರ ತಾಯಿ ಮಗನನ್ನು ನೀರಿಗೆ ಬಿಡಲಿಲ್ಲ. ಆ ತಾಯಿ ತೀರಿಕೊಂಡು ಎಷ್ಟೋ ವರ್ಷಗಳಾದವು. ಆಕೆ ಹಾಕಿದ ಬೇಲಿ ಮಾತ್ರ ಹಾಗೆಯೇ ಉಳಿದಿತ್ತು. ಡಿಸೆಂಬರದ ಸೂಟಿಯಲ್ಲಿ ಮೊಮ್ಮಗನು ಊರಿಗೆ ಬರುವವನಿದ್ದನು. ಅಷ್ಟರೊಳಗೆ ಒಮ್ಮೆಯಾದರೂ ಹೊಳೆಯಲ್ಲಿ ಕುಳಿತು ಗಾಳ ಹಿಡಿಯಬೇಕೆಂಬದು ಅವರ ಹಟ.

ನಾವು ಮೀನು ತಿನ್ನುವವರಲ್ಲ. ಆದರೂ ಹರಿಗೋಲಿನ ಗೆಳೆತನ ನಮಗಾಗಿ ನಾಲ್ಕು ವರ್ಷಗಳಾದವು. ನಮ್ಮನ್ನು ಕರೆದೊಯ್ಯುವವನು ಅಂಬಿಗರ ಮನೆತನದವನು, ನಮ್ಮ ಹಳೆಯ ವಿದ್ಯಾರ್ಥಿ. ಹೀಗೆ ನಾವು ಹುಟ್ಟು ಹಾಕುವದನ್ನು ಶಿಷ್ಯನಿಂದ ಕಲಿತೆವು. ಮರುದಿನ ಬೆಳಗಿನ ಆರು ಗಂಟೆಗೆ ಸ್ನೇಹಿತರನ್ನು ಕರೆದುಕೊಂಡು ದಂಡೆಗೆ ಹೋದೆವು.

ಹರಿಗೋಲನ್ನು ನೋಡದ ವಾಚಕರಿಗಾಗಿ ಎರಡು ಮಾತು ಹೇಳುವೆವು. ಅದು ಸೀಳಿದ ಬಿದಿರಿನಿಂದ ಹೆಣೆದ ದುಂಡನೆಯ ದೊಡ್ಡ ಬುಟ್ಟಿ. ಪೂರ್ವದಲ್ಲಿ ಅದಕ್ಕೆ ತೊಗಲನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುವರು. ನಾರುಗಾಜಿನಿಂದ ಮಾಡಿದವೂ ಬಂದಿವೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು ತುಂಗಭದ್ರೆಯಲ್ಲಿ ಇಂಥವನ್ನು ಕಂಡು, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನರನ್ನು ಹೊರುವ ಶಕ್ತಿ ಎಂದು ವರ್ಣಿಸಿದ್ದಾನೆ. ಇವು ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುವವೆಂದೂ ಬರೆದಿಟ್ಟಿದ್ದಾನೆ. ಇರಾಕದ ಟೈಗ್ರಿಸ್ ನದಿಯಲ್ಲಿಯೂ ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿಯೂ ಇದರ ದಾಯಾದಿಗಳುಂಟು.

ಸ್ನೇಹಿತರು ಹೆದರಿದ ಆ ಕಯಾಕು ಕೂಡ ದೂರದ ಸಂಬಂಧಿಯೇ ಸರಿ. ಹಿಮಸಮುದ್ರದ ದಂಡೆಯ ಇನೂಯಿಟ್ ಜನರು ಕಟ್ಟಿಗೆಯ ಇಲ್ಲವೆ ತಿಮಿಂಗಿಲದ ಎಲುಬಿನ ಹಂದರ ಕಟ್ಟಿ, ಅದಕ್ಕೆ ಸೀಲೆಂಬ ಜಲಪ್ರಾಣಿಯ ತೊಗಲನ್ನು ಬಿಗಿದು, ಬೇಟೆಗಾಗಿ ಅದನ್ನು ಮಾಡಿಕೊಂಡರು. ಹಂದರ ಮತ್ತು ತೊಗಲು, ಇಷ್ಟೇ ಎರಡರ ಗುಟ್ಟು. ಕಯಾಕು ಕಿರಿದಾಗಿ ಉದ್ದವಾಗಿರುವದರಿಂದ ಬಾಣದಂತೆ ಓಡುವದು, ಬೇಗನೆ ಹೊರಳುವದು. ಹರಿಗೋಲು ಅಗಲವಾಗಿ ಚಪ್ಪಟೆಯಾಗಿರುವದರಿಂದ ಓಡಲಾರದು, ಸುಮ್ಮನೆ ಹೊರಳಲೂ ಆರದು. ಗೇಣುದ್ದ ನೀರಿದ್ದರೂ ತೇಲುವದು. ಸದ್ದು ಮಾಡದು. ಬೇಸಿಗೆಯಲ್ಲಿ ಮಡುವಿನಿಂದ ಮಡುವಿಗೆ ಅದನ್ನು ಬೆನ್ನ ಮೇಲೆ ಬೋರಲು ಹೊತ್ತುಕೊಂಡು ನಡೆಯಬಹುದು. ಆಗ ಅಂಬಿಗನು ದೂರದಿಂದ ಆಮೆಯಂತೆ ಕಾಣುವನು.

ಇದನ್ನೆಲ್ಲ ನಾವು ದಾರಿಯಲ್ಲಿ ಹೇಳುತ್ತ ಹೋದೆವು. ಆದರೆ ಪಾಂಡಿತ್ಯದಿಂದ ಭಯವು ಹೋಗುವದಿಲ್ಲ. ನೀರಿನಂಚಿಗೆ ಬಂದೊಡನೆ ಸ್ನೇಹಿತರ ಕಾಲು ನಿಂತವು. ಶಿಷ್ಯನು ಮೊದಲು ಅವರಿಗೆ ತೇಲುವ ಅಂಗಿಯನ್ನು ತೊಡಿಸಿ ಪಟ್ಟಿಗಳನ್ನು ಬಿಗಿದನು. ಆ ಮೇಲೆ ಹೇಳಿದನು:

“ಸಾಹೇಬ್ರ, ಅಂಚಿನ ಮ್ಯಾಲೆ ಕಾಲ ಇಡಬ್ಯಾಡ್ರಿ, ನಟ್ಟನಡಕ ಇಡ್ರಿ. ಇಟ್ಟ ಕೂಡಲೆ ಕುಂದರ್ರಿ. ನಿಂತರ ಅದು ನಿಮ್ಮನ್ನ ಆಡಸತೈತಿ, ಕುಂತರ ನಿಮ್ಮ ಮಾತ ಕೇಳತೈತಿ.”

ಅವರು ಕಣ್ಣು ಮುಚ್ಚಿ ಕಾಲಿಟ್ಟರು. ಹರಿಗೋಲು ಒಮ್ಮೆ ಬಾಗಿ ಮತ್ತೆ ಸಮವಾಯಿತು. ಅವರ ಎದುರಿಗೆ ತೂಕ ಸರಿಯಾಗುವಂತೆ ನಾವು ಕುಳಿತೆವು. ಅವರು ನಮ್ಮ ಮುಂಗೈಯನ್ನು ಹಿಡಿದ ಹಿಡಿತದ ಗುರುತು ಮಧ್ಯಾಹ್ನದವರೆಗೆ ಉಳಿದಿತ್ತು.

ಹುಟ್ಟು ಹಾಕುವದರಲ್ಲಿಯೂ ಒಂದು ಶಾಸ್ತ್ರವಿದೆ. ಪಕ್ಕದಲ್ಲಿ ಹಾಕಿದರೆ ಹರಿಗೋಲು ಬುಗುರಿಯಂತೆ ತಿರುಗುವದು. ಹೋಗಬೇಕಾದ ದಿಕ್ಕಿಗೆ ಮೋರೆ ಮಾಡಿ, ಮುಂದಿನ ನೀರನ್ನು ಎಡಬಲಕ್ಕೆ ತಿರುವುತ್ತ, ಎಂಟರ ಅಂಕಿ ಬರೆದಂತೆ, ತನ್ನ ಕಡೆಗೆ ಎಳೆದುಕೊಳ್ಳಬೇಕು. ಸ್ನೇಹಿತರು ಮೊದಲು ಸುತ್ತಿದರು; ಗುಡಿ, ಸೇತುವೆ, ಕಬ್ಬಿನ ಹೊಲ, ಮತ್ತೆ ಗುಡಿ ಎಂದು ಊರೆಲ್ಲ ಅವರ ಸುತ್ತ ಪ್ರದಕ್ಷಿಣೆ ಹಾಕಿತು. “ಸಾಹೇಬ್ರು ಲೆಕ್ಕದವರು. ಎಂಟು ಬರೀರಿ, ಸೊನ್ನಿ ಬರೀಬ್ಯಾಡ್ರಿ,” ಎಂದು ಶಿಷ್ಯನು ನಕ್ಕನು. ಅವರೂ ನಕ್ಕರು. ನಕ್ಕಾಗ ನಮ್ಮ ಕೈ ಬಿಟ್ಟರು.

ಕಾರ್ತಿಕದಲ್ಲಿ ಹೊಳೆಯ ಕೆಂಪು ಇಳಿದು ನೀರು ತಿಳಿಯಾಗಿರುವದು. ದಂಡೆಯ ಮರದ ನೆರಳು ಬಿದ್ದ ಮಡುವಿನಲ್ಲಿ ಶಿಷ್ಯನು ಹರಿಗೋಲನ್ನು ನಿಲ್ಲಿಸಿ, ಗಾಳಕ್ಕೆ ಎರೆಹುಳು ಚುಚ್ಚಿ, ಬೆಂಡನ್ನು ಕಟ್ಟಿ, ಕೋಲನ್ನು ಸ್ನೇಹಿತರ ಕೈಗೆ ಕೊಟ್ಟನು. ನಾವು ಅಲ್ಲಿಯೂ ಪಾಠ ಬಿಡಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ. ಯಾವ ಮೀನಿಗೆ ಯಾವ ತೀನಿ, ಕೋಲು ಹೇಗಿರಬೇಕು, ದಾರ ಹೇಗಿರಬೇಕು ಎಂಬದನ್ನೆಲ್ಲ ಅರಸನು ವಿವರಿಸಿದ್ದಾನೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ ಹೋರಾ ಎಂಬವರು 1951ರಲ್ಲಿ ಈ ಪ್ರಕರಣದ ಮೇಲೆ ಲೇಖನ ಬರೆದು, ಅದನ್ನು ವಿದ್ವಾಂಸರ ಗಮನಕ್ಕೆ ತಂದರು. ಅದೇ ಶತಮಾನದಲ್ಲಿ ಅಂಬಿಗರ ಚೌಡಯ್ಯನು ದೋಣಿ ನಡೆಸುತ್ತ ವಚನಗಳನ್ನು ಹೇಳಿದನು. ಅರಸನಿಗೆ ನೀರು ವಿನೋದ. ಅಂಬಿಗನಿಗೆ ಅದು ಅನ್ನ.

ಈ ಕೊನೆಯ ಮಾತನ್ನು ಕೇಳಿ ಶಿಷ್ಯನು ಸುಮ್ಮನಾದನು. ತುಸು ಹೊತ್ತಿನ ಮೇಲೆ ಹೇಳಿದನು: “ಈಗ ಅನ್ನಾನೂ ಪೂರ್ತಿ ಆಗೂದಿಲ್ರಿ ಗುರುಗಳ. ಚೈತ್ರಕ್ಕ ಹೊಳಿ ಒಣಗತೈತಿ. ಮಗಾ ಗೋವಾಕ್ಕ ದುಡಿಯಾಕ ಹೋಗ್ಯಾನ. ಹುಟ್ಟ ಹಿಡಿ ಅಂದರ ಒಲ್ಲೆ ಅಂತಾನ.” 2019ರ ಆಗಸ್ಟಿನಲ್ಲಿ ಇದೇ ಹೊಳೆ ಮಹಾಪೂರ ಬಂದು ದಂಡೆಯ ಊರುಗಳನ್ನು ನುಗ್ಗುಮಾಡಿತು. ಬೇಸಿಗೆಯಲ್ಲಿ ಅದೇ ಪಾತ್ರದಲ್ಲಿ ದನ ಮೇಯುವವು. ಹೊಳೆಯ ಈ ಎರಡು ಮುಖಗಳ ನಡುವೆ ಸಿಕ್ಕ ನಾಲ್ಕೈದು ತಿಂಗಳುಗಳೇ ಅವನ ಸುಗ್ಗಿ.

ಅಷ್ಟರಲ್ಲಿ ಬೆಂಡು ಮುಳುಗಿತು. ಸ್ನೇಹಿತರು ಒಮ್ಮೆಗೆ ಎದ್ದುನಿಲ್ಲಲು ಹೋದರು. “ಕುಂದರ್ರಿ!” ಎಂದು ಶಿಷ್ಯನು ಗದರಿದನು. ನಾವು ವರ್ಗದಲ್ಲಿ ಗದರುತ್ತಿದ್ದಂತೆಯೇ ಇತ್ತು ಆ ದನಿ. ಅವರು ಕುಳಿತರು, ಕೋಲನ್ನು ಮೆಲ್ಲನೆ ಎತ್ತಿದರು. ಅಂಗೈಯಗಲದ ಬೆಳ್ಳಿಯಂಥ ಮೀನೊಂದು ಹೊರಬಂದು ಬಿಸಿಲಿಗೆ ಥಳಥಳಿಸಿತು. ಶಿಷ್ಯನು ಅದನ್ನು ಒದ್ದೆಗೈಯಿಂದ ಹಿಡಿದು, ಗಾಳ ಬಿಡಿಸಿ, “ರೋಹು ಮರಿ. ಇನ್ನೂ ಬೆಳೀಬೇಕು,” ಎಂದು ಸ್ನೇಹಿತರ ಬೊಗಸೆಗೆ ಕೊಟ್ಟನು. ರೋಹು, ಕಾಟ್ಲಾ ಮೊದಲಾದವು ಮಳೆಗಾಲದ ಹೊಸನೀರಿನಲ್ಲಿ ಮೊಟ್ಟೆಯಿಡುವವು; ಮರಿಯನ್ನೇ ತೆಗೆದರೆ ಮುಂದಿನ ಮೊಟ್ಟೆಯಿಲ್ಲ. ಸ್ನೇಹಿತರು ಬೊಗಸೆಯನ್ನು ನೀರಿನಲ್ಲಿ ಅದ್ದಿದರು. ಮೀನು ಹೋಯಿತು. ಅವರ ಕೈಗಳು ಮಾತ್ರ ಬಹಳ ಹೊತ್ತು ನೀರಿನಲ್ಲಿಯೇ ಇದ್ದವು.

“ಐವತ್ತು ವರ್ಷಗಳ ಮೇಲೆ ಈ ನೀರನ್ನು ಮುಟ್ಟಿದೆ,” ಎಂದರು.

ಆಗ ನಮಗೊಂದು ಹಳೆಯ ನೆನಪು ಬಂದಿತು. ಇದೇ ಶಿಷ್ಯನು ಏಳನೆಯ ಇಯತ್ತೆಯಲ್ಲಿದ್ದಾಗ ಮಳೆ ನಿಂತ ದಿನಗಳಲ್ಲಿ ಶಾಲೆಗೆ ಬರುತ್ತಿರಲಿಲ್ಲ. ತಂದೆಯೊಡನೆ ಹೊಳೆಗೆ ಹೋಗುತ್ತಿದ್ದನು. ನಾವು ಹಾಜರಿಯ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಹಾಕುತ್ತಿದ್ದೆವು, ಬಂದ ದಿನ ಛಡಿ ಕೊಡುತ್ತಿದ್ದೆವು. ಆ ವರ್ಷವೇ ಅವನು ಶಾಲೆ ಬಿಟ್ಟನು. ನೀರಿನ ಬಣ್ಣ ನೋಡಿ ಆಳ ಹೇಳುವ, ಅಂಜಿದವನನ್ನು ಒಂದು ಮಾತಿನಿಂದ ಕೂರಿಸುವ, ಮರಿಯನ್ನು ಮರಳಿ ಬಿಡುವ ವಿದ್ಯೆಯನ್ನು ಅವನು ಕಲಿಯುತ್ತಿದ್ದ ಕಾಲವದು. ಅಕ್ಷರವನ್ನೂ ಹುಟ್ಟನ್ನೂ ಕೂಡಿಸಿ ಕಲಿಸುವ ದಾರಿಯೊಂದನ್ನು ಹುಡುಕಬೇಕಾದವರು ನಾವಾಗಿದ್ದೆವು. ಹುಡುಕಲಿಲ್ಲ. ಇದನ್ನು ಅಂದು ಹರಿಗೋಲಿನಲ್ಲಿಯೇ ಅವನಿಗೆ ಹೇಳಿದೆವು. ಅವನು ಉತ್ತರ ಕೊಡಲಿಲ್ಲ; ಹುಟ್ಟನ್ನು ನಮ್ಮ ಕೈಗೆ ಕೊಟ್ಟು, ತಾನು ಬಲೆಯ ಸಿಕ್ಕು ಬಿಡಿಸುತ್ತ ಕುಳಿತನು.

ವಾಚಕರಲ್ಲಿ ಯಾರಾದರೂ ಹೊಳೆಗಿಳಿಯಲು ಮನಸ್ಸು ಮಾಡಿದರೆ ನಾಲ್ಕು ಮಾತು ನೆನಪಿಡಬೇಕು. ಕೆಂಪುನೀರಿನಲ್ಲಿ ಇಳಿಯಬಾರದು. ಹೊಳೆಯನ್ನು ಬಲ್ಲ ಅಂಬಿಗನಿಲ್ಲದೆ ಹೋಗಬಾರದು. ಈಜು ಬಂದರೂ ತೇಲುವ ಅಂಗಿಯನ್ನು ಬಿಡಬಾರದು. ಆಣೆಕಟ್ಟು, ಸೇತುವೆಯ ಕಂಬಗಳ ಹತ್ತಿರ ಸುಳಿಯಬಾರದು. ಇಷ್ಟನ್ನು ಪಾಲಿಸಿದವನಿಗೆ ಹರಿಗೋಲಿನಷ್ಟು ಶಾಂತವಾದ ಪೀಠವು ಇನ್ನೊಂದಿಲ್ಲ.

ಡಿಸೆಂಬರದಲ್ಲಿ ಮೊಮ್ಮಗನು ಬಂದನು. ಮೂರು ದಿನ ಅಜ್ಜ-ಮೊಮ್ಮಗ ಇಬ್ಬರೂ ಹೊಳೆಯಲ್ಲಿಯೇ ಇದ್ದರು. ಕಯಾಕು ಬಲ್ಲ ಹುಡುಗನು ಹರಿಗೋಲಿನಲ್ಲಿ ಅಜ್ಜನಂತೆಯೇ ಮೊದಲು ಸೊನ್ನೆ ಬರೆದನು. ಅಜ್ಜನೇ ಅವನಿಗೆ ಎಂಟು ಬರೆಯಲು ಕಲಿಸಿದನು. ಶಿಷ್ಯನು ಅದರ ಚಿತ್ರ ತೆಗೆದು ಗೋವೆಯಲ್ಲಿರುವ ತನ್ನ ಮಗನಿಗೆ ಮೊಬೈಲಿನಲ್ಲಿ ಕಳಿಸಿದನು. ಮಗನಿಂದ ಬಂದ ಉತ್ತರ ಒಂದೇ ಸಾಲಿನದು: ಯುಗಾದಿಗೆ ಬರತೇನಿ, ಡಾಂಬರ ಹಚ್ಚೋದಿದ್ದರ ಇಟ್ಟಿರು.

ನಾವು ಮನೆಗೆ ಹೊರಟಾಗ ಶಿಷ್ಯನು ಹಿಂದಿನಿಂದ ಕೂಗಿದನು: “ಗುರುಗಳ, ನಾಳೆ ಆರಕ್ಕ ಹಾಜರ ಇರ್ರಿ. ಗೈರ ಆದರ ಗುರುತ ಹಾಕತೇನಿ!”

ಮರುದಿನ ಐದೂವರೆಗೇ ದಂಡೆಯಲ್ಲಿದ್ದೆವು.